ಮನೆಯ ಪರದೆಯ ಮೇಲೆ ‘ಅಪೋಕಲಿಪ್ಸ್ ನೌ’: ನಾವು ನೋಡುತ್ತಿರುವುದು ಯಾವ ಚಿತ್ರ?

1990ರ ಆಗಸ್ಟ್ ತಿಂಗಳು. ಇರಾಕಿನ ಸೇನೆ ಕುವೈತಿಗೆ ನುಗ್ಗಿದ ಸುದ್ದಿ ಕ್ಯಾಲಿಫೋರ್ನಿಯಾದ ಟ್ವೆಂಟಿನೈನ್ ಪಾಮ್ಸ್ ನೆಲೆಗೆ ತಲುಪಿದಾಗ ಅಲ್ಲಿದ್ದ ಮರೀನ್ ಸೈನಿಕರು ಮೊದಲು ಹೋಗಿ ಕ್ಷೌರ ಮಾಡಿಸಿಕೊಂಡರು. ಆಮೇಲೆ ಕೆಲವರನ್ನು ಊರಿಗೆ ಕಳಿಸಿ ಸಿಕ್ಕಷ್ಟು ಬಿಯರನ್ನೂ ಸಿಕ್ಕಷ್ಟು ಯುದ್ಧಚಿತ್ರಗಳ ಕ್ಯಾಸೆಟ್ಟುಗಳನ್ನೂ ತರಿಸಿಕೊಂಡರು. ಮೂರು ದಿನ ಕೂತು ನೋಡಿದರು. ಹೆಚ್ಚಿನವು ವಿಯೆಟ್ನಾಂ ಯುದ್ಧದ ಚಿತ್ರಗಳು. 1979ರ ‘ಅಪೋಕಲಿಪ್ಸ್ ನೌ’ ಅವುಗಳಲ್ಲಿ ಒಂದು. ಆ ಗುಂಪಿನಲ್ಲಿದ್ದ ಆಂಥನಿ ಸ್ವಾಫರ್ಡ್ 2003ರಲ್ಲಿ ಪ್ರಕಟವಾದ ತಮ್ಮ ಯುದ್ಧಸ್ಮೃತಿ ‘ಜಾರ್‌ಹೆಡ್’ನಲ್ಲಿ ಇದನ್ನೆಲ್ಲ ಬರೆದಿದ್ದಾರೆ. ಯುದ್ಧದ ಹುಚ್ಚನ್ನು ತೋರಿಸಲೆಂದು ತೆಗೆದ ಚಿತ್ರಗಳನ್ನು ಆ ಹುಡುಗರು ಯುದ್ಧಕ್ಕೆ ಹೊರಡುವ ಹುರುಪಿಗಾಗಿ ನೋಡಿದರು. ನಿರ್ದೇಶಕರ ಉದ್ದೇಶ ಏನೇ ಇರಲಿ, ಸೈನಿಕನ ಕಣ್ಣಿಗೆ ವಿಯೆಟ್ನಾಂ ಚಿತ್ರಗಳೆಲ್ಲ ಯುದ್ಧದ ಪರವೇ ಎಂಬುದು ಸ್ವಾಫರ್ಡ್ ಕಂಡುಕೊಂಡ ಮಾತು.

ಅದಕ್ಕೂ ಸುಮಾರು ಹತ್ತು ವರ್ಷ ಹಿಂದೆ, ಅದೇ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ, ಕಿರಾಣಿ ಅಂಗಡಿ ನಡೆಸುತ್ತಿದ್ದ ವಿಯೆಟ್ನಾಮಿ ನಿರಾಶ್ರಿತ ದಂಪತಿಯ ಚಿಕ್ಕ ಮಗ ಮನೆಯ ವಿಸಿಆರ್‌ನಲ್ಲಿ ಇದೇ ಚಿತ್ರ ನೋಡಿದ. ಅಮೆರಿಕದ ಯುದ್ಧಚಿತ್ರಗಳೆಂದರೆ ಅವನಿಗೆ ಪ್ರಾಣ. ದೋಣಿಯಲ್ಲಿದ್ದ ಅಮೆರಿಕದ ಸೈನಿಕರ ಜೊತೆ ಮನಸ್ಸಿನಲ್ಲೇ ತಾನೂ ಪಯಣಿಸುತ್ತಿದ್ದ. ಆ ಸೈನಿಕರು ಒಂದು ಪುಟ್ಟ ಸಂಪಾನ್ ದೋಣಿಯನ್ನು ತಡೆದು ಅದರಲ್ಲಿದ್ದ ವಿಯೆಟ್ನಾಮಿಗಳನ್ನು ಕೊಲ್ಲುವ ದೃಶ್ಯ ಬಂದಾಗ ಅವನು ಎರಡಾಗಿ ಸೀಳಿಹೋದ. ತಾನು ಗುಂಡು ಹಾರಿಸುತ್ತಿರುವವನೋ, ಗುಂಡಿಗೆ ಬೀಳುತ್ತಿರುವವನೋ? ಆ ಹುಡುಗ ವಿಯೆಟ್ ಥಾನ್ ನುಯೆನ್. ಬೆಳೆದು ‘ದ ಸಿಂಪಥೈಸರ್’ ಬರೆದು 2016ರಲ್ಲಿ ಪುಲಿಟ್ಜರ್ ಪಡೆದ ಕಾದಂಬರಿಕಾರ.

ಇಬ್ಬರೂ ನೋಡಿದ್ದು ಥಿಯೇಟರಿನಲ್ಲಲ್ಲ, ಕ್ಯಾಸೆಟ್ಟಿನಲ್ಲಿ. ‘ಅಪೋಕಲಿಪ್ಸ್ ನೌ’ ಬಗ್ಗೆ ನಾವು ಹೇಳಿಕೊಳ್ಳುವ ಕಥೆಗಳೆಲ್ಲ ಅದರ ಚಿತ್ರೀಕರಣದ್ದು. 1976ರ ಮಾರ್ಚ್‌ನಲ್ಲಿ ಫಿಲಿಪ್ಪೀನ್ಸಿನಲ್ಲಿ ಶುರುವಾಗಿ 238 ದಿನ ಎಳೆದದ್ದು, ಬಿರುಗಾಳಿಗೆ ಸೆಟ್ಟುಗಳು ಹಾರಿಹೋದದ್ದು, ನಾಯಕ ಮಾರ್ಟಿನ್ ಶೀನ್‌ಗೆ ಹೃದಯಾಘಾತವಾದದ್ದು, ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಆಸ್ತಿಪಾಸ್ತಿ ಅಡವಿಟ್ಟದ್ದು. ಕಥೆ ಕಟ್ಟುವವರಿಗೆ ಅದು ಬರಿದಾಗದ ಗಣಿ. ಆದರೆ ಚಿತ್ರ ಥಿಯೇಟರಿನಿಂದ ಮನೆಗೆ ಬಂದಮೇಲೆ ಅದಕ್ಕೆ ಏನಾಯಿತು ಎಂಬ ಕಥೆಯನ್ನು ಯಾರೂ ಅಷ್ಟು ಆಸೆಯಿಂದ ಹೇಳುವುದಿಲ್ಲ. ನನಗೆ ಅದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಇಂದು ಈ ಚಿತ್ರ ಬದುಕಿರುವುದು ಮನೆಗಳಲ್ಲಿ.

ನೋಡದವರಿಗೆ ಎರಡು ಮಾತು. ಜೋಸೆಫ್ ಕಾನ್ರಾಡ್ ಕಾಂಗೋ ನದಿಯ ಬಗ್ಗೆ ಬರೆದ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಕಥೆಯನ್ನು ಕೊಪ್ಪೊಲಾ ಮತ್ತು ಜಾನ್ ಮಿಲಿಯಸ್ ವಿಯೆಟ್ನಾಂ ಯುದ್ಧಕ್ಕೆ ತಂದರು. ಕ್ಯಾಪ್ಟನ್ ವಿಲಾರ್ಡ್ ಎಂಬವನು ಒಂದು ಗಸ್ತು ದೋಣಿಯಲ್ಲಿ ನದಿಯ ಮೇಲ್ಮುಖವಾಗಿ ಕಾಂಬೋಡಿಯಾದತ್ತ ಹೋಗಬೇಕು. ಅಲ್ಲಿ ಸೇನೆಯ ಹಿಡಿತ ತಪ್ಪಿ ತಾನೇ ದೇವರಂತೆ ಕೂತಿರುವ ಕರ್ನಲ್ ಕರ್ಟ್ಜ್‌ನನ್ನು ಕೊಲ್ಲಬೇಕು. ಕಥೆ ಇಷ್ಟೇ. ಉಳಿದದ್ದೆಲ್ಲ ಆ ನದಿಯ ದಾರಿಯಲ್ಲಿ ಒಂದಾದಮೇಲೊಂದು ಎದುರಾಗುವುದು. ಈ ‘ಒಂದಾದಮೇಲೊಂದು’ ಎಂಬುದನ್ನು ನೆನಪಿಡಿ.

ನಾನು ಇದನ್ನು ಮೊದಲು ನೋಡಿದ್ದು ತೊಂಬತ್ತರ ದಶಕದಲ್ಲಿ, ಬಾಡಿಗೆ ಕ್ಯಾಸೆಟ್ಟಿನಲ್ಲಿ, 21 ಇಂಚಿನ ಟಿವಿಯಲ್ಲಿ. ಕರ್ಟ್ಜ್ ಆಗಿ ಮಾರ್ಲನ್ ಬ್ರ್ಯಾಂಡೊ ಬರುವ ಕೊನೆಯ ಭಾಗದಲ್ಲಿ ಪರದೆ ಬಹುಪಾಲು ಕಪ್ಪು. ಆ ಕಪ್ಪಿನಲ್ಲಿ ಕಂಡದ್ದು ನಮ್ಮ ಕೋಣೆಯ ಟ್ಯೂಬ್‌ಲೈಟಿನ ನೆರಳು. ಏನೋ ಮಹತ್ತಾದದ್ದು ನಡೆಯುತ್ತಿದೆ, ಅದು ನನಗೆ ಕಾಣುತ್ತಿಲ್ಲ ಎಂಬ ತಳಮಳ ಆಗ ಆಗಿತ್ತು. ನನ್ನ ಅರಿವೇ ಸಾಲದೇನೋ ಅಂದುಕೊಂಡಿದ್ದೆ. ಚಿತ್ರದ ಅರ್ಧಕ್ಕರ್ಧ ಆ ಕ್ಯಾಸೆಟ್ಟಿನಲ್ಲಿ ಇರಲೇ ಇಲ್ಲ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಇದು ಮಾತಿನ ಅಲಂಕಾರವಲ್ಲ, ಲೆಕ್ಕ. ಛಾಯಾಗ್ರಾಹಕ ವಿಟ್ಟೋರಿಯೊ ಸ್ಟೊರಾರೊ ಈ ಚಿತ್ರವನ್ನು ಅಗಲ ಪರದೆಗೆಂದು ತೆಗೆದರು. ಚೌಕಟ್ಟಿನ ಅಗಲ ಎತ್ತರದ 2.35 ಪಟ್ಟು. ಹಳೆಯ ಟಿವಿಯ ಅಗಲ ಎತ್ತರದ 1.33 ಪಟ್ಟು ಮಾತ್ರ. ಪರದೆ ತುಂಬ ಚಿತ್ರ ಕಾಣಬೇಕೆಂದು ಎರಡೂ ಬದಿ ಕತ್ತರಿಸಿದರೆ ಹೋಗುವುದು ಶೇ 43ರಷ್ಟು. ಕ್ಯಾಸೆಟ್ ಕಾಲದಲ್ಲಿ ಜಗತ್ತಿನಾದ್ಯಂತ ಅಗಲ ಪರದೆಯ ಚಿತ್ರಗಳಿಗೆ ಆದದ್ದೇ ಇದು. ನಮ್ಮಲ್ಲಿ 1977ರ ‘ಸೊಸೆ ತಂದ ಸೌಭಾಗ್ಯ’ದಿಂದ ಶುರುವಾದ ಕನ್ನಡದ ಸ್ಕೋಪ್ ಚಿತ್ರಗಳನ್ನು ಟಿವಿಯಲ್ಲಿ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಇಬ್ಬರು ಮಾತಾಡುತ್ತಿರುತ್ತಾರೆ, ಪರದೆಯ ಎರಡು ತುದಿಯಲ್ಲಿ ಎರಡು ಮೂಗು ಮಾತ್ರ ಕಾಣುತ್ತವೆ.

ಡಿವಿಡಿ ಬಂದಾಗ ಇದು ಸರಿಹೋಗಬೇಕಿತ್ತು. ಆದರೆ ‘ಅಪೋಕಲಿಪ್ಸ್ ನೌ’ ವಿಷಯದಲ್ಲಿ ಬೇರೆಯೇ ನಡೆಯಿತು. ಈ ಸಲ ಕತ್ತರಿ ಹಿಡಿದವರು ಸ್ವತಃ ಸ್ಟೊರಾರೊ. ಥಿಯೇಟರಿಗೂ ಮುಂಬರುವ ಟಿವಿಗಳಿಗೂ ಒಂದೇ ಅಳತೆ ಇರಲಿ, ಅಗಲ ಎತ್ತರದ ಎರಡು ಪಟ್ಟು ಇರಲಿ ಎಂದು ಅವರು 1998ರಲ್ಲಿ ‘ಯೂನಿವಿಸಿಯಂ’ ಎಂಬ ಪದ್ಧತಿಯನ್ನು ಮುಂದಿಟ್ಟರು. ಆ ನಂಬಿಕೆಯನ್ನು ತಮ್ಮ ಹಳೆಯ ಚಿತ್ರಕ್ಕೂ ಅನ್ವಯಿಸಿದರು. 1999ರ ಡಿವಿಡಿ, ‘ರೀಡಕ್ಸ್’ ಎಂಬ ಉದ್ದನೆಯ ಆವೃತ್ತಿಯ 2001ರ ಡಿವಿಡಿ, 2006ರ ಸಂಗ್ರಹ, ಎಲ್ಲವೂ 2:1ರಲ್ಲೇ ಬಂದವು. ಅಗಲದಲ್ಲಿ ಸುಮಾರು ಶೇ 15 ಇಲ್ಲ. 2010ರ ಬ್ಲೂ-ರೇ ಬಂದಾಗಲೇ 2.35ರ ಪೂರ್ತಿ ಚೌಕಟ್ಟು ಡಿಸ್ಕಿನಲ್ಲಿ ಸಿಕ್ಕಿದ್ದು.

ಸ್ಟೊರಾರೊ ಮೇಲೆ ಸಿಟ್ಟಾಗುವುದು ಸುಲಭ. ನನಗೆ ಅವರ ಆತಂಕ ಅರ್ಥವಾಗುತ್ತದೆ. ಗೊತ್ತಿಲ್ಲದ ಯಾರೋ ತಂತ್ರಜ್ಞ ಎಲ್ಲೋ ಕೂತು ತನ್ನ ಚಿತ್ರದ ಅಂಚು ಕತ್ತರಿಸುವುದಕ್ಕಿಂತ ತಾನೇ ಯೋಚಿಸಿ ಕತ್ತರಿಸುವುದು ಮೇಲು ಎಂದು ಒಬ್ಬ ಕಲಾವಿದನಿಗೆ ಅನಿಸಿದರೆ ತಪ್ಪೇನು? ಆದರೂ ಅವರ ತೀರ್ಮಾನ ತಪ್ಪು ಎಂದೇ ಹೇಳುತ್ತೇನೆ. ಹೆಲಿಕಾಪ್ಟರುಗಳು ಬೆಳಗಿನ ಆಕಾಶದಲ್ಲಿ ಸಾಲಾಗಿ ಬರುವ ಚಿತ್ರಿಕೆ ಇದೆಯಲ್ಲ, ಅಲ್ಲಿ ಭಯ ಹುಟ್ಟುವುದು ಸಾಲು ಎಲ್ಲಿ ಮುಗಿಯುತ್ತದೆ ಎಂದು ಕಣ್ಣಿಗೆ ಗೊತ್ತಾಗದೆ ಇರುವುದರಿಂದ. ಅಂಚು ಒಳಗೆ ಸರಿದರೆ ಸಾಲು ಗುಂಪಾಗುತ್ತದೆ. ನದಿಯ ದೃಶ್ಯಗಳಲ್ಲೂ ಹಾಗೆಯೇ. ದೋಣಿ ಚಿಕ್ಕದು, ಎರಡೂ ದಡದ ಕಾಡು ದೊಡ್ಡದು. ಕಾಡು ಕಡಿಮೆಯಾದಷ್ಟೂ ದೋಣಿಯ ಹುಡುಗರು ದೊಡ್ಡವರಾಗಿ, ಸುರಕ್ಷಿತವಾಗಿ ಕಾಣುತ್ತಾರೆ. ತೆಗೆದವರೇ ಕತ್ತರಿಸಿದರು ಎಂದ ಮಾತ್ರಕ್ಕೆ ತೆಗೆದದ್ದು ಉಳಿಯುವುದಿಲ್ಲ.

ಅಂತ್ಯದ ಕಥೆ ಇನ್ನೂ ವಿಚಿತ್ರ. 1979ರ ಮೇ ತಿಂಗಳಲ್ಲಿ ಕಾನ್ ಉತ್ಸವದಲ್ಲಿ ಚಿತ್ರ ಇನ್ನೂ ಮುಗಿಯದ ಸ್ಥಿತಿಯಲ್ಲೇ ಪ್ರದರ್ಶನಗೊಂಡು ‘ದ ಟಿನ್ ಡ್ರಮ್’ ಜೊತೆ ಅತ್ಯುನ್ನತ ಪ್ರಶಸ್ತಿ ಹಂಚಿಕೊಂಡಿತು. ಆಗಸ್ಟ್ 15ರಂದು 70 ಎಂ.ಎಂ. ಪ್ರತಿಗಳಲ್ಲಿ ಬಿಡುಗಡೆಯಾದಾಗ ಶೀರ್ಷಿಕೆಗಳೇ ಇರಲಿಲ್ಲ. ಹೆಸರುಗಳ ಪಟ್ಟಿಯನ್ನು ಮುದ್ರಿಸಿ ಪ್ರೇಕ್ಷಕರ ಕೈಗೆ ಕೊಟ್ಟರು. ಮುಂದೆ ಎಲ್ಲ ಊರುಗಳಿಗೂ 35 ಎಂ.ಎಂ. ಪ್ರತಿ ಹೊರಟಾಗ ಕೊನೆಯ ಹೆಸರುಗಳ ಹಿಂದೆ ಕರ್ಟ್ಜ್‌ನ ನೆಲೆ ಸ್ಫೋಟಗೊಳ್ಳುವ ದೃಶ್ಯಗಳನ್ನು ಹಾಕಿದರು. ಚಿತ್ರೀಕರಣ ಮುಗಿದಮೇಲೆ ಸೆಟ್ಟನ್ನು ಒಡೆಯಲೇಬೇಕಿತ್ತು, ಒಡೆಯುವಾಗ ತೆಗೆದಿಟ್ಟ ದೃಶ್ಯಗಳವು. ಪ್ರೇಕ್ಷಕರು ಬೇರೆ ಅರ್ಥ ಮಾಡಿಕೊಂಡರು. ವಿಲಾರ್ಡ್ ವಿಮಾನದಾಳಿ ಕರೆಸಿ ಅಲ್ಲಿದ್ದವರನ್ನೆಲ್ಲ ಸುಟ್ಟುಬಿಟ್ಟ ಎಂದುಕೊಂಡರು. ಚಿತ್ರದ ಒಳಗೆ ನಡೆಯುವುದು ಅದಕ್ಕೆ ತೀರಾ ವಿರುದ್ಧ. ಅವನು ಕತ್ತಿ ಕೆಳಗೆ ಹಾಕುತ್ತಾನೆ, ದೋಣಿ ಹತ್ತುತ್ತಾನೆ, ರೇಡಿಯೊ ಆರಿಸುತ್ತಾನೆ. ಕೊಪ್ಪೊಲಾ ಆ ಸ್ಫೋಟಗಳನ್ನು ತೆಗೆಸಿ ಕಪ್ಪು ಹಿನ್ನೆಲೆಯಲ್ಲಿ ಹೆಸರುಗಳನ್ನು ಹಾಕಿಸಿದರು. ಒಮ್ಮೆ ಹೊರಗೆ ಹೋದ ಪ್ರತಿಗಳು ಹೋದವೇ. ಎಲ್ಲವೂ ಸುಟ್ಟುಹೋಗುವ ಅಂತ್ಯವನ್ನೇ ನೆನಪಿಟ್ಟುಕೊಂಡವರು ಅಲ್ಲಲ್ಲಿ ಈಗಲೂ ಸಿಗುತ್ತಾರೆ. ಅವರ ನೆನಪು ಸುಳ್ಳಲ್ಲ. ಅವರು ನೋಡಿದ ಪ್ರತಿ ಬೇರೆ.

ಈಗ ಆವೃತ್ತಿಗಳ ಮಾತಿಗೆ ಬರೋಣ. ಸಂಕಲನಕಾರರ ಮುಂದೆ ಬಂದು ಬಿದ್ದ ಫಿಲ್ಮಿನ ಉದ್ದ ಸುಮಾರು 12.5 ಲಕ್ಷ ಅಡಿ ಎಂದು ಅವರಲ್ಲೊಬ್ಬರಾದ ವಾಲ್ಟರ್ ಮರ್ಚ್ ಬರೆದಿದ್ದಾರೆ. ಓಡಿಸಿದರೆ 230 ಗಂಟೆಗೂ ಹೆಚ್ಚು. ಅದರಿಂದ ಸುಮಾರು ಎರಡೂವರೆ ಗಂಟೆಯ ಚಿತ್ರ ಹುಟ್ಟಿತು. ಉಳಿದು ಮೂಲೆ ಸೇರಿದ ಫಿಲ್ಮು ಕೊಪ್ಪೊಲಾ ಅವರನ್ನು ನಿದ್ದೆ ಮಾಡಲು ಬಿಡಲಿಲ್ಲ ಎನಿಸುತ್ತದೆ. 2001ರಲ್ಲಿ ಅವರೂ ಮರ್ಚ್ ಅವರೂ 49 ನಿಮಿಷ ಸೇರಿಸಿ ‘ರೀಡಕ್ಸ್’ ತಂದರು, ಒಟ್ಟು 202 ನಿಮಿಷ. 2019ರಲ್ಲಿ ಚಿತ್ರಕ್ಕೆ 40 ತುಂಬಿದಾಗ ‘ಫೈನಲ್ ಕಟ್’ ಬಂತು, 183 ನಿಮಿಷ. ಮೊದಲನೆಯದು ತೀರಾ ಮೊಟಕು, ಎರಡನೆಯದು ತೀರಾ ಉದ್ದ, ಇದು ಹದ ಎಂಬುದು ನಿರ್ದೇಶಕರ ನಿಲುವು.

ರೀಡಕ್ಸ್ ಮಾಡುವಾಗ 1979ರ ಮೂಲ ನೆಗೆಟಿವನ್ನೇ ಬಿಡಿಸಿ ಹೊಸದಾಗಿ ಜೋಡಿಸಿದರು. ನೆಗೆಟಿವ್ ಎಂದರೆ ಕ್ಯಾಮೆರಾದೊಳಗೆ ಓಡಿದ ಫಿಲ್ಮೇ. ಅದರಿಂದ ಪ್ರತಿ, ಪ್ರತಿಯಿಂದ ಮತ್ತೊಂದು ಪ್ರತಿ ತೆಗೆಯುತ್ತ ಹೋದಂತೆ ಒಂದೊಂದು ಹಂತದಲ್ಲೂ ಸ್ವಲ್ಪ ಹೊಳಪು, ಸ್ವಲ್ಪ ಸೂಕ್ಷ್ಮತೆ ಸೋರುತ್ತದೆ. 2019ರ ಪುನಶ್ಚೇತನಕ್ಕೆ ಮೊದಲ ಬಾರಿಗೆ ಆ ಮೂಲ ನೆಗೆಟಿವನ್ನೇ 4ಕೆ ಸ್ಕ್ಯಾನ್ ಮಾಡಿದರು. ಸುಮಾರು 3 ಲಕ್ಷ ಫ್ರೇಮುಗಳು, ಅವನ್ನು ಶುಚಿಗೊಳಿಸಲು 2,700 ಗಂಟೆಗೂ ಮೀರಿದ ಕೆಲಸ. ಆ ವರ್ಷದ ಆಗಸ್ಟ್‌ನಲ್ಲಿ ಬಂದ ಡಿಸ್ಕ್ ಸಂಪುಟದಲ್ಲಿ ಮೂರೂ ಆವೃತ್ತಿಗಳಿವೆ, ಜೊತೆಗೆ ಚಿತ್ರೀಕರಣದ ಸಾಕ್ಷ್ಯಚಿತ್ರ ‘ಹಾರ್ಟ್ಸ್ ಆಫ್ ಡಾರ್ಕ್‌ನೆಸ್’ ಕೂಡ. ಕ್ಯಾಸೆಟ್ಟಿನಲ್ಲಿ ನನಗೆ ಕಪ್ಪಾಗಿ ಕಂಡಿದ್ದ ಆ ಕೊನೆಯ ಭಾಗದಲ್ಲಿ ಎಷ್ಟು ಬಗೆಯ ಕಪ್ಪುಗಳಿವೆ ಎಂದು ಈ ಡಿಸ್ಕ್ ನೋಡಿದಮೇಲೆ ಗೊತ್ತಾಯಿತು. ಬ್ರ್ಯಾಂಡೊ ತಲೆಯ ಮೇಲೆ ನೀರು ಹನಿಸಿಕೊಳ್ಳುವಾಗ ಬೋಳುತಲೆಯ ಅಂಚು ಮಾತ್ರ ಬೆಳಗುತ್ತದೆ. ಕತ್ತಲಿನಿಂದ ಮುಖ ಅರ್ಧ ಹೊರಬಂದು ಮತ್ತೆ ಒಳಹೋಗುತ್ತದೆ. ಆ ಕತ್ತಲೆಯೇ ಅಲ್ಲಿನ ಅಭಿನಯ.

ಹಾಗಾದರೆ ಯಾವುದು ನೋಡಬೇಕು? ನನ್ನ ಉತ್ತರ 1979ರದ್ದು. ಹಳೆಯದೆಲ್ಲ ಹೊನ್ನು ಎಂಬ ಮೋಹದಿಂದ ಹೇಳುತ್ತಿಲ್ಲ, ಕಾರಣವಿದೆ. ಮೊದಲೇ ಹೇಳಿದೆನಲ್ಲ, ‘ಒಂದಾದಮೇಲೊಂದು’ ಎಂದು. ಚಿತ್ರದ ಮೊದಲ ದೊಡ್ಡ ಘಟ್ಟ ಹೆಲಿಕಾಪ್ಟರ್ ದಾಳಿ. ಕರ್ನಲ್ ಕಿಲ್ಗೋರ್‌ನಿಗೆ ಆ ಹಳ್ಳಿ ಬೇಕಾಗಿರುವುದು ಅಲ್ಲಿ ಸರ್ಫಿಂಗ್‌ಗೆ ಒಳ್ಳೆಯ ಅಲೆಗಳು ಏಳುತ್ತವೆ ಎಂಬ ಕಾರಣಕ್ಕೆ. ಹೆಲಿಕಾಪ್ಟರುಗಳಿಗೆ ಕಟ್ಟಿದ ಸ್ಪೀಕರುಗಳಲ್ಲಿ ವ್ಯಾಗ್ನರ್‌ನ ಸಂಗೀತ ಮೊಳಗುತ್ತದೆ. ಒಮ್ಮೆಗೇ ಸಂಗೀತ ಕಡಿದು ಕ್ಯಾಮೆರಾ ಹಳ್ಳಿಗೆ ಇಳಿಯುತ್ತದೆ. ಶಾಲೆಯ ಅಂಗಳ, ಮಕ್ಕಳು, ನಿಶ್ಶಬ್ದ. ಮತ್ತೆ ಸಂಗೀತ, ಮತ್ತೆ ದಾಳಿ. ಆ ಹತ್ತು ನಿಮಿಷ ನಮಗೂ ಮೈ ಜುಮ್ಮೆನ್ನುತ್ತದೆ. ಇಲ್ಲ ಎಂದರೆ ಸುಳ್ಳಾಗುತ್ತದೆ. ಚಿತ್ರ ಆ ಜುಮ್ಮನ್ನು ನಮಗೆ ಸಾಲವಾಗಿ ಕೊಡುತ್ತದೆ. ವಸೂಲಿಗೆ ಬರುವುದು ಸಂಪಾನ್ ದೃಶ್ಯದಲ್ಲಿ. ಅಲ್ಲಿ ಸಂಗೀತವಿಲ್ಲ, ಆಕಾಶವಿಲ್ಲ, ಎತ್ತರವಿಲ್ಲ. ತರಕಾರಿ, ಬುಟ್ಟಿ, ಹೆದರಿದ ಜನ, ಹೆದರಿದ ಸೈನಿಕರು. ಒಬ್ಬಳು ಹೆಂಗಸು ಸಟಕ್ಕನೆ ಕದಲುತ್ತಾಳೆ, ಹದಿಹರೆಯದ ಸೈನಿಕನ ಬಂದೂಕು ಸಿಡಿಯುತ್ತದೆ, ಕೆಲವೇ ಕ್ಷಣಗಳಲ್ಲಿ ಎಲ್ಲ ಮುಗಿಯುತ್ತದೆ. ಅವಳು ಬಚ್ಚಿಟ್ಟಿದ್ದದ್ದು ಒಂದು ನಾಯಿಮರಿ. ಅವಳಿಗಿನ್ನೂ ಜೀವವಿದೆ, ಆಸ್ಪತ್ರೆಗೆ ಒಯ್ಯೋಣ ಎನ್ನುತ್ತಾನೆ ದೋಣಿಯ ಮುಖ್ಯಸ್ಥ. ವಿಲಾರ್ಡ್ ಪಿಸ್ತೂಲು ತೆಗೆದು ಅವಳನ್ನು ಕೊಲ್ಲುತ್ತಾನೆ. ನಿಲ್ಲಿಸಬೇಡ ಎಂದು ಮೊದಲೇ ಹೇಳಿದ್ದೆ, ಈಗ ಹೊರಡೋಣ ಎನ್ನುತ್ತಾನೆ.

1979ರ ಚಿತ್ರದಲ್ಲಿ ಈ ವಿಲಾರ್ಡ್ ಅಲ್ಲಿಯವರೆಗೆ ಬಹುಮಟ್ಟಿಗೆ ಸುಮ್ಮನೆ ನೋಡುತ್ತ ಕೂತವನು. ನಗದ, ಬೆರೆಯದ, ಕಡತ ಓದುತ್ತಲೇ ಇರುವ ಮನುಷ್ಯ. ಕಿಲ್ಗೋರ್‌ನ ಹುಚ್ಚಾಟವನ್ನು ಅವನ ಪಕ್ಕದಲ್ಲಿ ಕೂತು ನಾವೂ ಹೇವರಿಕೆಯಿಂದ ನೋಡಿರುತ್ತೇವೆ. ಅವನೇ ಈ ಗುಂಡು ಹಾರಿಸಿದಾಗ ನಮ್ಮ ಕಾಲ ಕೆಳಗಿನ ಹಲಗೆ ಸರಿಯುತ್ತದೆ. ರೀಡಕ್ಸ್‌ನಲ್ಲೂ ಫೈನಲ್ ಕಟ್‌ನಲ್ಲೂ ದಾಳಿಯ ಬೆನ್ನಿಗೇ ಅವನು ಕಿಲ್ಗೋರ್‌ನ ಸರ್ಫ್ ಹಲಗೆ ಕದ್ದು ಓಡುತ್ತಾನೆ. ದೋಣಿಯ ಹುಡುಗರ ಜೊತೆ ನಗುತ್ತಾನೆ. ದೃಶ್ಯ ಚೆನ್ನಾಗಿದೆ, ಹುಡುಗರ ಮೇಲೆ ಪ್ರೀತಿ ಹುಟ್ಟುತ್ತದೆ. ಆದರೆ ನಕ್ಕ ವಿಲಾರ್ಡ್ ಬೇರೆ ಮನುಷ್ಯ. ಸುಟ್ಟ ಹಳ್ಳಿಯಿಂದ ನಾವು ತುಂಟಾಟದ ಗುಂಗಿನಲ್ಲಿ ಹೊರಬರುತ್ತೇವೆ. ಸಾಲ ಅಲ್ಲಿಯೇ ಅರ್ಧ ಮನ್ನಾ ಆಗಿಬಿಡುತ್ತದೆ.

ರೀಡಕ್ಸ್‌ನಲ್ಲಿ ಸೇರಿದ ಫ್ರೆಂಚ್ ತೋಟದ ಮನೆಯ ದೃಶ್ಯದ ಬಗ್ಗೆ ಮಾತ್ರ ನನ್ನ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ನದಿಯ ಮಂಜಿನಿಂದ ವಸಾಹತುಶಾಹಿ ಕುಟುಂಬವೊಂದು ಭೂತಗಳಂತೆ ಮೂಡುತ್ತದೆ. ಊಟದ ಮೇಜಿನಲ್ಲಿ 1954ರಲ್ಲಿ ಫ್ರೆಂಚರು ವಿಯೆಟ್ನಾಮಿನ ದಿಯೆನ್ ಬಿಯೆನ್ ಫುನಲ್ಲಿ ಸೋತದ್ದರ ಬಗ್ಗೆ ಜಗಳವಾಗುತ್ತದೆ. ಈ ಯುದ್ಧ ಅಮೆರಿಕ ಬಂದಮೇಲೆ ಶುರುವಾದದ್ದಲ್ಲ, ಅದಕ್ಕೆ ಹಿಂದಿನ ಒಡೆಯರಿದ್ದಾರೆ ಎಂದು ಹೇಳುವ ಒಂದೇ ಒಂದು ಜಾಗ ಅದು. ನೀವು ಅಮೆರಿಕನ್ನರು ಏನೂ ಅಲ್ಲದ್ದಕ್ಕಾಗಿ ಹೋರಾಡುತ್ತಿದ್ದೀರಿ ಎಂದು ಆ ಫ್ರೆಂಚ್ ಯಜಮಾನ ವಿಲಾರ್ಡ್‌ನಿಗೆ ಹೇಳುತ್ತಾನೆ. ಚರಿತ್ರೆ ಬೇಕೆನ್ನುವವರಿಗೆ ಇದು ಬಿಡಲಾಗದ ಭಾಗ. ಆದರೆ ಇದು ಬರುವುದು ಆ ಹದಿಹರೆಯದ ಸೈನಿಕ ಕ್ಲೀನ್ ಸತ್ತ ನಂತರ. ಮೂಲದಲ್ಲಿ ಕ್ಲೀನ್‌ನ ಸಾವಿನಿಂದ ದೋಣಿ ನೇರ ಮಂಜಿನೊಳಕ್ಕೆ, ಬಾಣಗಳ ಮಳೆಯೊಳಕ್ಕೆ, ಮುಖ್ಯಸ್ಥನ ಎದೆಗೆ ಭರ್ಜಿ ನೆಡುವಲ್ಲಿಗೆ ಹೋಗುತ್ತದೆ. ಉಸಿರಾಡಲು ಬಿಡುವುದಿಲ್ಲ. ತೋಟದ ಮನೆ ಉಸಿರಾಡಲು ಬಿಡುತ್ತದೆ, ವೈನ್ ಕೊಡುತ್ತದೆ, ಹಾಸಿಗೆ ಹಾಸುತ್ತದೆ. ಫೈನಲ್ ಕಟ್‌ನಲ್ಲಿ ಅದನ್ನು ಮೊಟಕು ಮಾಡಿದ್ದಾರೆ, ತೆಗೆದಿಲ್ಲ. ಸೈನಿಕರ ಮನರಂಜನೆಗೆಂದು ಬರುವ ಪ್ಲೇಬಾಯ್ ಪತ್ರಿಕೆಯ ಹುಡುಗಿಯರ ಎರಡನೇ ದೃಶ್ಯವನ್ನು ಪೂರ್ತಿ ಬಿಟ್ಟದ್ದು ಒಳ್ಳೆಯದಾಯಿತು. ಹಗಲು ಬೆಳಕಿನಲ್ಲಿ ಕರ್ಟ್ಜ್ ‘ಟೈಮ್’ ಪತ್ರಿಕೆ ಓದಿ ಸರ್ಕಾರದ ಸುಳ್ಳುಗಳನ್ನು ಗೇಲಿ ಮಾಡುವ ದೃಶ್ಯವೂ ಹೋಗಿದೆ. ಅದು ರಾಜಕೀಯವಾಗಿ ಹರಿತವಾದ ದೃಶ್ಯ, ಆದರೆ ಹಗಲಿನಲ್ಲಿ ಕರ್ಟ್ಜ್‌ನನ್ನು ಒಮ್ಮೆ ಪೂರ್ತಿ ಕಂಡಮೇಲೆ ಕತ್ತಲೆ ಬರೀ ಕತ್ತಲೆಯಾಗುತ್ತದೆ.

ಧ್ವನಿಯ ವಿಷಯಕ್ಕೆ ಬಂದರೆ ಈ ಚಿತ್ರ ಮನೆಗೆ ಬಂದದ್ದಷ್ಟೇ ಅಲ್ಲ, ಮನೆಗಳನ್ನೇ ಬದಲಿಸಿತು. 1979ಕ್ಕೆ ಮುಂಚೆ ಥಿಯೇಟರಿನ ಹಿಂಬದಿಯ ಸ್ಪೀಕರುಗಳೆಲ್ಲ ಸಾಮಾನ್ಯವಾಗಿ ಒಂದೇ ಧ್ವನಿ ನುಡಿಯುತ್ತಿದ್ದವು. ಹೆಲಿಕಾಪ್ಟರ್ ಪ್ರೇಕ್ಷಕರ ಸುತ್ತ ಒಂದು ಸುತ್ತು ಹಾರಬೇಕೆಂದರೆ ಹಿಂದಿನ ಎಡ ಬಲ ಬೇರೆಯಾಗಬೇಕಿತ್ತು. ಮರ್ಚ್ ಮತ್ತು ಸಂಗಡಿಗರು 70 ಎಂ.ಎಂ. ಪ್ರತಿಯ ಆರು ಧ್ವನಿಪಟ್ಟಿಗಳನ್ನು ಮುಂದೆ ಮೂರು, ಹಿಂದೆ ಎರಡು, ಆಳದ ಗುಡುಗಿಗೆ ಒಂದು ಎಂದು ಹಂಚಿದರು. ಇಂದು ನಮ್ಮ ಹಾಲ್‌ಗಳಲ್ಲಿ ಕೂತಿರುವ 5.1 ಹೋಮ್ ಥಿಯೇಟರಿನ ಜೋಡಣೆ ಇದೇ. ಸಿನಿಮಾದಲ್ಲಿ ‘ಧ್ವನಿ ವಿನ್ಯಾಸ’ ಎಂಬ ಮಾತು ಶೀರ್ಷಿಕೆಗೆ ಬಂದದ್ದೂ ಮರ್ಚ್ ಅವರ ಈ ಕೆಲಸದೊಂದಿಗೇ. ಧ್ವನಿಗೂ ಛಾಯಾಗ್ರಹಣಕ್ಕೂ ಆಸ್ಕರ್ ಬಂತು. ಚಿತ್ರ ಶುರುವಾಗುವ ಹೆಲಿಕಾಪ್ಟರ್ ಸದ್ದಿದೆಯಲ್ಲ, ಅದು ನಿಜವಾದ ರೆಕ್ಕೆಯ ಸದ್ದಲ್ಲ, ಸಿಂಥಸೈಜರಿನಲ್ಲಿ ಕಟ್ಟಿದ್ದು. ಹೋಟೆಲ್ ಕೋಣೆಯಲ್ಲಿ ಮಲಗಿರುವವನ ತಲೆಯೊಳಗೆ ತಿರುಗುವ ಸದ್ದು. ಅದು ಫ್ಯಾನಿನ ತಿರುಗುವಿಕೆಯೊಳಗೆ ಕರಗುತ್ತದೆ. ಟಿವಿಯ ಒಂಟಿ ಸ್ಪೀಕರಿನಲ್ಲಿ ಕೇಳಿದಾಗ ನನಗೆ ಅದು ಹೆಲಿಕಾಪ್ಟರ್ ಅನಿಸಿತ್ತು. ಒಳ್ಳೆಯ ಜೋಡಣೆಯಲ್ಲಿ ಕೇಳಿದಾಗ, ಯುದ್ಧ ಅವನನ್ನು ಬಿಟ್ಟುಹೋಗಿಲ್ಲ ಎಂಬುದು ಒಂದು ಮಾತೂ ಇಲ್ಲದೆ ತಿಳಿಯಿತು. ದುಡ್ಡಿದ್ದರೆ ದೊಡ್ಡ ಟಿವಿಗಿಂತ ಮೊದಲು ಸ್ಪೀಕರ್ ಕೊಳ್ಳಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಇಷ್ಟೆಲ್ಲ ಆದಮೇಲೂ ಒಂದು ಉಳಿಯುತ್ತದೆ. ಚೌಕಟ್ಟು ಮರಳಿ ಬಂತು, ಬಣ್ಣ ಬಂತು, ಸದ್ದು ಬಂತು. ಕ್ರಮ? ಅದನ್ನು ಯಾವ ಪುನಶ್ಚೇತನವೂ ಕಾಯಲಾರದು, ಏಕೆಂದರೆ ರಿಮೋಟ್ ನಮ್ಮ ಕೈಯಲ್ಲಿದೆ. ಥಿಯೇಟರಿನಲ್ಲಿ ನದಿ ನಮ್ಮನ್ನು ಒಯ್ಯುತ್ತದೆ, ಇಳಿಯಲಾಗುವುದಿಲ್ಲ. ಮನೆಯಲ್ಲಿ ಎಲ್ಲಿ ಬೇಕಾದರೂ ಇಳಿಯಬಹುದು, ಮತ್ತೆ ಮತ್ತೆ ಅದೇ ದಡಕ್ಕೆ ಹೋಗಬಹುದು. ಸಾಲದ ಹತ್ತು ನಿಮಿಷವನ್ನು ಮಾತ್ರ ಪಡೆದು ವಸೂಲಿಯ ಹೊತ್ತಿಗೆ ಎದ್ದು ಹೋಗಬಹುದು. ಡಿಸ್ಕಿನ ಮೆನುವಿನಲ್ಲಿ ಅಧ್ಯಾಯ ಆರಿಸಿಕೊಳ್ಳುವ ಸೌಕರ್ಯ, ಈಗ ಮೊಬೈಲಿನಲ್ಲಿ ಆ ದಾಳಿಯದ್ದೇ ತುಣುಕುಗಳು. ಟ್ವೆಂಟಿನೈನ್ ಪಾಮ್ಸ್‌ನ ಹುಡುಗರು ಚಿತ್ರವನ್ನು ತಪ್ಪಾಗಿ ಓದಿದರು ಎಂದು ನಾನು ಬಹುಕಾಲ ನಂಬಿದ್ದೆ. ಈಗ ಹಾಗೆ ಹೇಳಲಾರೆ. ಕೊಪ್ಪೊಲಾ ಅವರೇ 2019ರ ಸಂದರ್ಶನವೊಂದರಲ್ಲಿ ಇದು ಯುದ್ಧವಿರೋಧಿ ಚಿತ್ರವಲ್ಲ ಎಂದರು. ಹಿಂಸೆಯ ಆಸೆ ಕೆರಳಿಸುವ ದೃಶ್ಯಗಳು ಯುದ್ಧವಿರೋಧಿ ಚಿತ್ರದಲ್ಲಿ ಇರಬಾರದು, ಇದರಲ್ಲಿ ಇವೆ ಎಂಬುದು ಅವರ ಮಾತು. ನಲವತ್ತು ವರ್ಷಗಳ ನಂತರ ತನ್ನದೇ ಚಿತ್ರದ ಬಗ್ಗೆ ಹಾಗೆ ಹೇಳಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

‘ಜಾರ್‌ಹೆಡ್’ 2005ರಲ್ಲಿ ಸಿನಿಮಾ ಆಯಿತು. ಅದರಲ್ಲಿ ಮರೀನ್‌ಗಳು ದೊಡ್ಡ ಪರದೆಯಲ್ಲಿ ಹೆಲಿಕಾಪ್ಟರ್ ದಾಳಿ ನೋಡುತ್ತ ವ್ಯಾಗ್ನರ್‌ಗೆ ದನಿಗೂಡಿಸಿ ಅರಚುತ್ತಾರೆ. ಆ ಚಿತ್ರದ ಸಂಕಲನಕಾರ ವಾಲ್ಟರ್ ಮರ್ಚ್. ತಾನು ಸಂಕಲನದಲ್ಲೂ ಧ್ವನಿಯಲ್ಲೂ ದುಡಿದ ಚಿತ್ರಕ್ಕೆ ಸೈನಿಕರು ಕೇಕೆ ಹಾಕುವುದನ್ನು ಅದೇ ಮನುಷ್ಯ ಸಂಕಲಿಸಬೇಕಾಯಿತು. ದಾಳಿಯಲ್ಲಿ ಹಾರಿದ ಹೆಲಿಕಾಪ್ಟರುಗಳ ಕಥೆಯೂ ಇದಕ್ಕೆ ಸೇರಬೇಕಾದದ್ದೇ. ಅಮೆರಿಕದ ಸೇನೆ ಸಹಕರಿಸದ್ದರಿಂದ ಕೊಪ್ಪೊಲಾ ಫಿಲಿಪ್ಪೀನ್ಸಿನ ಮಾರ್ಕೋಸ್ ಸರ್ಕಾರದಿಂದ ಅವನ್ನು ಬಾಡಿಗೆಗೆ ಪಡೆದಿದ್ದರು. ಚಿತ್ರೀಕರಣದ ನಡುವೆಯೇ ಅವು ದಕ್ಷಿಣದ ಬಂಡುಕೋರರ ಮೇಲೆ ದಾಳಿಗೆಂದು ಹಾರಿಹೋಗುತ್ತಿದ್ದವು.

ಈಗ ಇದನ್ನೆಲ್ಲ ಎತ್ತಲು ಕಾರಣವಿದೆ. ಡಿಸ್ಕುಗಳ ಕಾಲ ಕರಗುತ್ತಿದೆ. ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರ್‌ನಲ್ಲಿ ಅಂಚೆಯ ಮೂಲಕ ಡಿಸ್ಕ್ ಕಳಿಸುವುದನ್ನು ನಿಲ್ಲಿಸಿತು. ಅಮೆರಿಕದ ದೊಡ್ಡ ಮಳಿಗೆ ಸರಣಿ ಬೆಸ್ಟ್ ಬೈ 2024ರಲ್ಲಿ ಚಲನಚಿತ್ರದ ಡಿಸ್ಕ್ ಮಾರಾಟದಿಂದ ಹಿಂದೆ ಸರಿಯಿತು. ಸ್ಟ್ರೀಮಿಂಗ್‌ನಲ್ಲಿ ಚಿತ್ರ ಸಿಗುತ್ತದೆ ನಿಜ. ಆದರೆ ಒಂದೇ ಹೆಸರಿನಡಿ ಮೂರರಲ್ಲಿ ಯಾವುದಿದೆ ಎಂದು ತಿಳಿಯಲು ಬಹಳ ಸಲ ಅವಧಿಯನ್ನೇ ನೋಡಬೇಕು. 147ರಿಂದ 153 ನಿಮಿಷದ ಆಸುಪಾಸಿದ್ದರೆ ಮೂಲ, ಮೂರು ಗಂಟೆಯಿದ್ದರೆ ಫೈನಲ್ ಕಟ್, ಅದಕ್ಕೂ ಮೀರಿದರೆ ರೀಡಕ್ಸ್. ಗುಣಮಟ್ಟದಲ್ಲೂ ಅಂತರವಿದೆ. 4ಕೆ ಡಿಸ್ಕಿನಲ್ಲಿ ಸೆಕೆಂಡಿಗೆ 128 ಮೆಗಾಬಿಟ್‌ವರೆಗೆ ಮಾಹಿತಿ ಹರಿಯಬಲ್ಲದು, ಸ್ಟ್ರೀಮಿಂಗ್‌ನಲ್ಲಿ ಸಾಮಾನ್ಯವಾಗಿ 15ರಿಂದ 25. ಹಗಲಿನ ದೃಶ್ಯಗಳಲ್ಲಿ ಹೆಚ್ಚು ತಿಳಿಯದು. ಹೊಗೆ, ಮಂಜು, ಕತ್ತಲೆಯೊಳಗಿನ ಮುಖ ಬಂದಾಗ ತಿಳಿಯುತ್ತದೆ, ಈ ಚಿತ್ರ ತುಂಬ ಇರುವುದು ಅವೇ. ಇವೆಲ್ಲಕ್ಕಿಂತ ನನ್ನನ್ನು ಕಾಡುವುದು, ‘ಫೈನಲ್’ ಎಂಬ ಹೆಸರಿದ್ದದ್ದೇ ಮುಂದೆ ಉಳಿದು 1979ರದ್ದು ಹಿಂದೆ ಸರಿದುಬಿಟ್ಟರೆ ಎಂಬ ಯೋಚನೆ. ಆ ವರ್ಷದ ಪ್ರೇಕ್ಷಕರು ಕಂಡದ್ದೇನು, ಆ ಕಾಲಕ್ಕೆ ಅದು ಹೇಳಿದ್ದೇನು ಎಂಬುದಕ್ಕೆ ಅದೊಂದೇ ಸಾಕ್ಷಿ. ನಮ್ಮ ‘ಘಟಶ್ರಾದ್ಧ’ 4ಕೆಯಲ್ಲಿ ಪುನಶ್ಚೇತನಗೊಂಡು 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶನವಾದಾಗ ನಾವು ಸಂತೋಷಪಟ್ಟದ್ದೂ 1977ರ ಆ ಚಿತ್ರವೇ ತಿರುಗಿ ಸಿಕ್ಕಿತು ಎಂದಲ್ಲವೇ. ಮೂರೂ ಆವೃತ್ತಿ ಒಟ್ಟಿಗೆ ಇರುವ ಆ ಸಂಪುಟವನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಮೊದಲ ಬಾರಿ ನೋಡುವವರಿಗೆ ಅದರಲ್ಲಿನ ಮೂಲವನ್ನೇ ಹಾಕಿಕೊಡುತ್ತೇನೆ. ರಾತ್ರಿ, ದೀಪ ಆರಿಸಿ, ನಡುವೆ ನಿಲ್ಲಿಸದೆ.

ಹಾಗೆ ನೋಡಿದರೂ ಸ್ಯಾನ್ ಹೊಸೆಯ ಆ ಹುಡುಗನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. 49 ನಿಮಿಷ ಸೇರಿಸಿದಾಗ ಫ್ರೆಂಚರು ಬಂದರು, ಪ್ಲೇಬಾಯ್ ಹುಡುಗಿಯರು ಎರಡನೇ ಸಲ ಬಂದರು, ಸರ್ಫ್ ಹಲಗೆ ಬಂತು. ತನ್ನದೇ ಕಥೆಯಿರುವ ಒಂದು ವಿಯೆಟ್ನಾಮಿ ಪಾತ್ರ ಬರಲಿಲ್ಲ. ನುಯೆನ್ ಈ ಚಿತ್ರವನ್ನು ಕಲಾಕೃತಿಯೆಂದು ಒಪ್ಪಿಕೊಂಡೇ ಅದರೊಂದಿಗೆ ಜಗಳ ಆಡುತ್ತಾರೆ. ಅವರ ಕಾದಂಬರಿಯಲ್ಲಿ ಹೆಸರಿಲ್ಲದ ವಿಯೆಟ್ನಾಮಿ ನಿರೂಪಕ ಹಾಲಿವುಡ್ಡಿನ ಒಬ್ಬ ಮಹಾ ನಿರ್ದೇಶಕನ ಮನೆಗೆ ಹೋಗುತ್ತಾನೆ. ಆ ನಿರ್ದೇಶಕ ಫಿಲಿಪ್ಪೀನ್ಸಿನಲ್ಲಿ ತೆಗೆಯಲಿರುವ ಯುದ್ಧಚಿತ್ರದ ಚಿತ್ರಕಥೆ ಇವನ ಕೈಯಲ್ಲಿದೆ. ವಿಯೆಟ್ನಾಮಿನಲ್ಲಿ ನಡೆಯುವ ಕಥೆಯಲ್ಲಿ ನಮ್ಮವರಿಗೆ ಅರ್ಥವಾಗುವ ಒಂದು ಮಾತೂ ಇಲ್ಲವಲ್ಲ ಎಂದು ಕೇಳುತ್ತಾನೆ. ಇರುವುದು ಚೀರಾಟಗಳು ಮಾತ್ರ, ಅವನ್ನೂ ನೀವು ತಪ್ಪಾಗಿ ಬರೆದಿದ್ದೀರಿ, ನಮ್ಮ ಜನ ಹಾಗೆ ಚೀರುವುದಿಲ್ಲ ಎನ್ನುತ್ತಾನೆ. ಹೇಗೆ ಚೀರುತ್ತಾರೆ ಎಂದು ಅಲ್ಲೇ ಚೀರಿ ತೋರಿಸುತ್ತಾನೆ.

ಕಳೆದ ಸಲ ಸಂಪಾನ್ ದೃಶ್ಯ ಬಂದಾಗ ನಾನು ಕಣ್ಣು ಮುಚ್ಚಿ ಕೇಳಿದೆ. ಗುಂಡು ಯಾವ ಬದಿಯಿಂದ ಹಾರಿತು, ದೋಣಿಯ ಯಾವ ತುದಿಯಲ್ಲಿ ಬುಟ್ಟಿ ಉರುಳಿತು ಎಂದು ಹೊಸ ಡಿಸ್ಕಿನಲ್ಲಿ ಕಿವಿಯಿಂದಲೇ ಹೇಳಬಹುದು. ಅಮೆರಿಕದ ಹುಡುಗರು ಒಬ್ಬರನ್ನೊಬ್ಬರು ಕೂಗಿಕೊಂಡದ್ದು ಸ್ಪಷ್ಟವಾಗಿ ಕೇಳಿಸಿತು, ಯಾರು ಯಾರೆಂದೂ ತಿಳಿಯಿತು. ಆ ಹೆಂಗಸು ಏನಾದರೂ ಹೇಳಿದಳೇ ಎಂದು ಹಿಂದಕ್ಕೆ ಹೋಗಿ ಮತ್ತೊಮ್ಮೆ ಕೇಳಿದೆ. ಬಂದೂಕಿನ ಸದ್ದಿನಾಚೆಗೆ ನನಗೆ ಏನೂ ಸಿಗಲಿಲ್ಲ.